ಬೇಟೆಗಾರರ ಪಾಲಕ ಸಂತ ಹ್ಯೂಬರ್ಟ್

ನವೆಂಬರ್ 1ರಂದು ಸಕಲ ಸಂತರ ಹಬ್ಬ, 2ರಂದು ಮೃತರ ಸ್ಮರಣೆ. ಸಮಾಧಿಭೂಮಿಯಲ್ಲಿ ಮೇಣದ ಬತ್ತಿ ಹಚ್ಚಿ ಬಂದ ಮರುದಿನ, ಅಂದರೆ 3ರಂದು, ನಮ್ಮ ಧರ್ಮಕೇಂದ್ರಗಳಲ್ಲಿ ನಾವು ಸ್ಮರಿಸುವುದು ಸಂತ ಮಾರ್ಟಿನ್ ದೆ ಪೊರೆಸ್ ಅವರನ್ನು. ಅದೇ ದಿನ ಬೆಲ್ಜಿಯಂ, ಫ್ರಾನ್ಸ್, ಜರ್ಮನಿ ದೇಶಗಳ ಕಾಡಂಚಿನ ಚರ್ಚುಗಳಲ್ಲಿ ಬೇರೊಬ್ಬ ಸಂತರ ಹಬ್ಬ. ಅಲ್ಲಿ ಬಲಿಪೂಜೆಗೆ ಬೇಟೆಯ ಕಹಳೆಗಳು ಮೊಳಗುತ್ತವೆ. ನಾಯಿಗಳನ್ನು ಆಶೀರ್ವಾದಕ್ಕೆಂದು ಕರೆತರುತ್ತಾರೆ. ಬೇಟೆಗಾರರಿಗೂ ಒಬ್ಬ ಪಾಲಕ ಸಂತರೇ ಎಂದು ನಮ್ಮ ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಮೊದಲ ಬಾರಿ ಕೇಳಿದಾಗ ನಮಗೂ ಹಾಗೆಯೇ ಅನಿಸಿತ್ತು.

ಹ್ಯೂಬರ್ಟರು ಜನಿಸಿದ್ದು ಕ್ರಿ.ಶ. 656ರ ಆಸುಪಾಸಿನಲ್ಲಿ. ಅಕ್ವಿಟೇನ್ ಪ್ರಾಂತದ ಪ್ರಭುಮನೆತನದವರೆಂದು ಪರಂಪರೆ ಹೇಳುತ್ತದೆ. ಯೌವನದಲ್ಲಿ ಫ್ರಾಂಕರ ರಾಜಾಸ್ಥಾನವನ್ನು ಸೇರಿ, ಬಳಿಕ ಮೆಟ್ಸ್ ನಗರದಲ್ಲಿ ಹೆರ್‌ಸ್ಟಾಲಿನ ಪೆಪಿನನ ಆಶ್ರಯಕ್ಕೆ ಬಂದರು. ಲೂವೆನ್ನಿನ ಪ್ರಭುವಿನ ಮಗಳಾದ ಫ್ಲೋರಿಬಾನ್ ಅವರೊಡನೆ ವಿವಾಹವಾಯಿತು. ಆದರೆ ಆ ಸಾಧ್ವಿ ಮಗ ಫ್ಲೋರಿಬರ್ಟನಿಗೆ ಜನ್ಮವಿತ್ತು ಹೆರಿಗೆಯಲ್ಲಿಯೇ ತೀರಿಕೊಂಡರು. ಪತ್ನೀವಿಯೋಗದಿಂದ ಕುಗ್ಗಿದ ಹ್ಯೂಬರ್ಟರು ಆಸ್ಥಾನದ ವೈಭವವನ್ನೆಲ್ಲ ತೊರೆದು ಆರ್ಡೆನ್ ಅರಣ್ಯವನ್ನು ಹೊಕ್ಕರೆಂದೂ, ಹಗಲಿರುಳೂ ಬೇಟೆಯಲ್ಲಿ ಮುಳುಗಿದರೆಂದೂ ಕಥೆ. ದುಃಖವನ್ನು ದೇವರ ಬಳಿಗೆ ಒಯ್ಯಲಾರದವನು ಅದನ್ನು ಎಲ್ಲಿಗಾದರೂ ಒಯ್ಯಲೇಬೇಕಲ್ಲ.

ಒಂದು ಶುಭ ಶುಕ್ರವಾರ ಊರಿನ ಜನರೆಲ್ಲ ದೇವಾಲಯದತ್ತ ನಡೆದಿರುವಾಗ ಹ್ಯೂಬರ್ಟರು ನಾಯಿಗಳೊಡನೆ ಕಾಡಿಗೆ ಹೊರಟರು. ಭವ್ಯವಾದ ಸಾರಂಗವೊಂದು ಎದ್ದು ಓಡಿತು, ಅವರು ಬೆನ್ನಟ್ಟಿದರು. ಓಡುತ್ತಿದ್ದ ಪ್ರಾಣಿ ಥಟ್ಟನೆ ನಿಂತು ಹಿಂದಿರುಗಿ ನೋಡಿತು. ಕವಲೊಡೆದ ಕೊಂಬುಗಳ ನಡುವೆ ಶಿಲುಬೆಗೇರಿದ ಪ್ರಭುವಿನ ಪ್ರತಿಮೆ ಬೆಳಗುತ್ತಿತ್ತು. ಪ್ರಭುವಿನ ಕಡೆಗೆ ತಿರುಗದಿದ್ದರೆ ನಾಶ ಖಂಡಿತವೆಂದು ಎಚ್ಚರಿಸಿದ ವಾಣಿ, ಮಾಸ್ಟ್ರಿಕ್ಟಿನ ಧರ್ಮಾಧ್ಯಕ್ಷ ಲ್ಯಾಂಬರ್ಟರನ್ನು ಕಾಣುವಂತೆಯೂ ತಿಳಿಸಿತು. ಹ್ಯೂಬರ್ಟರು ಕುದುರೆಯಿಂದಿಳಿದು ಮೊಣಕಾಲೂರಿದರು. ಅಧಿಕಾರವನ್ನೂ ಹಸುಮಗುವಿನ ಪೋಷಣೆಯನ್ನೂ ತಮ್ಮನಿಗೆ ಒಪ್ಪಿಸಿ ಲ್ಯಾಂಬರ್ಟರ ಶಿಷ್ಯರಾದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹ್ಯೂಬರ್ಟರು ತೀರಿಕೊಂಡು ಕೆಲವೇ ವರ್ಷಗಳಲ್ಲಿ ರಚಿತವಾದ ಅವರ ಅತಿ ಹಳೆಯ ಚರಿತ್ರೆಯಲ್ಲಿ ಈ ಸಾರಂಗದ ಸುಳಿವೇ ಇಲ್ಲ. ಈ ಕಥೆ ಮೊದಲಿಗೆ ಇದ್ದದ್ದು ರೋಮನ್ ಸೇನಾಧಿಕಾರಿ ಸಂತ ಯುಸ್ಟೇಸರ ಹೆಸರಿನಲ್ಲಿ. 15ನೆಯ ಶತಮಾನದ ಹೊತ್ತಿಗೆ ಅದು ಹ್ಯೂಬರ್ಟರ ಜೀವನದೊಳಗೆ ಸೇರಿಕೊಂಡಿತು. ಆರ್ಡೆನ್ ಕಾಡಿನ ಜನ ತಮ್ಮ ಮಣ್ಣಿನ ಸಂತರಿಗೆ ತಮ್ಮ ಕಾಡಿನ ಸಾರಂಗವನ್ನು ಕೊಟ್ಟರು ಎನ್ನೋಣ.

ನಮ್ಮನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆ. ಕಥೆಯಲ್ಲಿ ಹ್ಯೂಬರ್ಟರು ಬಾಣವನ್ನು ಬಿಡಲೇ ಇಲ್ಲ. ಬೇಟೆಯನ್ನು ಕೈಬಿಟ್ಟವರನ್ನು ಬೇಟೆಗಾರರು ತಮ್ಮ ಪಾಲಕರೆಂದು ಆರಿಸಿಕೊಂಡದ್ದು ಹೇಗೆ? ತಮಗೆ ಅನುಕೂಲವಾದುದನ್ನಷ್ಟೇ ಕಥೆಯಿಂದ ಹೆಕ್ಕಿಕೊಂಡರೆಂಬ ಸಂದೇಹ ನಮ್ಮಿಂದ ಪೂರ್ತಿಯಾಗಿ ದೂರವಾಗಿಲ್ಲ. ಆದರೂ ಜರ್ಮನ್ ನಾಡಿನ ಬೇಟೆಗಾರರು ಹ್ಯೂಬರ್ಟರ ಹೆಸರಿನಲ್ಲಿ ಪಾಲಿಸಿಕೊಂಡು ಬಂದ ನಿಯಮಗಳನ್ನು ನೋಡಿದರೆ, ಬಿಡದ ಬಾಣವೇ ಅವೆಲ್ಲದರ ತಾಯಿಬೇರು ಎಂಬುದು ತಿಳಿಯುತ್ತದೆ. ಮರಿಯೊಡನೆ ಇರುವ ಹೆಣ್ಣು ಜಿಂಕೆಗೆ ಗುರಿಯಿಡಬಾರದು. ತಾಯಿಯಿಲ್ಲದ ಮರಿಗೆ ಚಳಿಗಾಲದಲ್ಲಿ ಮೇವಿನ ದಾರಿ ತೋರುವವರಿಲ್ಲ. ಸಂತಾನದ ಕಾಲ ಮುಗಿಸಿದ ಮುದಿ ಸಾರಂಗವನ್ನು ಮಾತ್ರ ಆರಿಸಬೇಕು. ವರ್ಷಗಟ್ಟಲೆ ಹಂಬಲಿಸಿದ ಕೊಂಬಿನ ಸಾರಂಗವೇ ಎದುರು ನಿಂತಿದ್ದರೂ, ಅದೇ ಹೊತ್ತಿಗೆ ಗಾಯಗೊಂಡ ಇಲ್ಲವೇ ರೋಗಪೀಡಿತ ಪ್ರಾಣಿಯೊಂದು ಕಾಣಿಸಿಕೊಂಡರೆ, ಸಾರಂಗವನ್ನು ಬಿಟ್ಟು ಆ ಪ್ರಾಣಿಯ ಯಾತನೆಯನ್ನು ಕೊನೆಗಾಣಿಸಬೇಕು. ಕೊನೆಯ ನಿಯಮವನ್ನು ಪಾಲಿಸುವುದು ಸುಲಭವಲ್ಲ. ಒಂದೇ ಗುಂಡಿನ ಸದ್ದಿಗೆ ಸಾರಂಗ ಮಾಯವಾಗುತ್ತದೆ, ಆ ವರ್ಷದ ಅವಕಾಶವೂ ಮುಗಿಯುತ್ತದೆ.

ಬಿಲ್ಲು ಭರ್ಜಿಗಳ ಕಾಲ ಹೋಗಿ ಕೋವಿಯ ಕಾಲ ಬಂದಾಗ ಈ ಧರ್ಮವೂ ಸೂಕ್ಷ್ಮವಾಯಿತು. ಜಿಂಕೆ ಪೂರ್ತಿ ಅಡ್ಡಲಾಗಿ, ನಿಶ್ಚಲವಾಗಿ ನಿಂತಿರಬೇಕು. ಗುರಿ ಮುಂಗಾಲಿನ ಹಿಂಬದಿಗೆ, ಹೃದಯ ಮತ್ತು ಶ್ವಾಸಕೋಶಗಳಿರುವ ಎಡೆಗೆ. ಆ ಎಡೆ ನಮ್ಮ ಊಟದ ತಟ್ಟೆಗಿಂತಲೂ ಕಿರಿದು. ಬೆನ್ನು ತಿರುಗಿಸಿ ನಿಂತ ಪ್ರಾಣಿಗೆ ಹೊಡೆದರೆ ಗುಂಡು ತೊಡೆಯನ್ನೋ ಕರುಳನ್ನೋ ಸೀಳುತ್ತದೆ. ಸಾವು ಗಂಟೆಗಟ್ಟಲೆ ತಡವಾಗುತ್ತದೆ. ಗುರಿಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬ ಇರಬೇಕು. ಇನ್ನೊಂದು ಜಿಂಕೆ ಇರಬಾರದು, ಮನುಷ್ಯನಂತೂ ಇರಲೇಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಕೋವಿಯನ್ನು ಕೆಳಗಿಳಿಸುವವನೇ ಪಳಗಿದ ಬೇಟೆಗಾರ.

ಕೈ ಪಳಗುವುದು ಅಭ್ಯಾಸದಿಂದ. ಜರ್ಮನಿಯಲ್ಲಿ ಗುರಿ ಹೊಡೆಯುವ ಪರೀಕ್ಷೆಯಲ್ಲಿ ಉತ್ತೀರ್ಣನಾಗದವನಿಗೆ ಬೇಟೆಯ ಪರವಾನಗಿಯೇ ಇಲ್ಲ. 100 ಮೀಟರ್ ದೂರದಲ್ಲಿ ನಿಲ್ಲಿಸಿದ ಕಾಗದದ ಜಿಂಕೆಗೆ ಹೊಡೆದು ಕಲಿಯುತ್ತಾರೆ. ಮೇಜಿನ ಮೇಲೆ ಕೋವಿಯನ್ನು ಊರಿ ಹೊಡೆದದ್ದೊಂದೇ ಸಾಲದು. ಏದುಸಿರು ಬಿಡುತ್ತಾ, ಒಂದು ಕೋಲಿನ ಆಧಾರದಲ್ಲಿ, ಎದೆ ಡವಗುಟ್ಟುವಾಗಲೂ ಎಷ್ಟು ದೂರದವರೆಗೆ ಪ್ರತಿಯೊಂದು ಗುಂಡೂ ಆ ಕಿರಿದಾದ ಎಡೆಯೊಳಗೇ ಬೀಳುತ್ತದೆಂದು ತಿಳಿದಿರಬೇಕು. ಅದೇ ಅವನ ಎಲ್ಲೆ. ಅದರಾಚೆ ನಿಂತ ಸಾರಂಗ ಅವನದಲ್ಲ. ಅಲ್ಲಿನ 1952ರ ಬೇಟೆ ಕಾನೂನು ಈ ಹಳೆಯ ಧರ್ಮವನ್ನು ಹೆಸರಿಸಿಯೇ ಗೌರವಿಸಿತು. ಚಿಕ್ಕ ಜಾತಿಯ ರೋ ಜಿಂಕೆಗೆ ಹಾರಿಸುವ ಗುಂಡಿನಲ್ಲಿ 100 ಮೀಟರ್ ಕ್ರಮಿಸಿದ ಮೇಲೂ ಕನಿಷ್ಠ 1000 ಜೂಲ್ ಶಕ್ತಿ ಉಳಿದಿರಬೇಕು. ದೊಡ್ಡ ಸಾರಂಗಕ್ಕಾದರೆ ಕನಿಷ್ಠ 6.5 ಮಿಲಿಮೀಟರ್ ವ್ಯಾಸದ ಗುಂಡು, 2000 ಜೂಲ್ ಶಕ್ತಿ. ಚರೆಗುಂಡು ಕೂಡದು, ಅದು ಕೊಲ್ಲುವುದಕ್ಕಿಂತ ಗಾಯಗೊಳಿಸುವುದೇ ಹೆಚ್ಚು. ನಮ್ಮ ದೇಶದಲ್ಲಿ ಜಿಂಕೆಯ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿರುವುದರಿಂದ ಈ ವಿವರಗಳು ನಮಗೆ ತಿಳಿವಳಿಕೆಗಾಗಿ ಮಾತ್ರ.

ಗುಂಡು ಹಾರಿದ ಮೇಲೂ ಕರ್ತವ್ಯ ಮುಗಿಯದು. ಶ್ವಾಸಕೋಶಕ್ಕೆ ಪೆಟ್ಟು ಬಿದ್ದ ಜಿಂಕೆಯೂ ಒಂದಷ್ಟು ದೂರ ಓಡುತ್ತದೆ. ಬೇಟೆಗಾರ ಕದಲದೆ ಕಾದು, ಬಳಿಕ ಪೆಟ್ಟು ಬಿದ್ದ ಸ್ಥಳವನ್ನು ಪರೀಕ್ಷಿಸಬೇಕು. ನೊರೆಗೂಡಿದ ತಿಳಿಗೆಂಪು ರಕ್ತವಾದರೆ ಶ್ವಾಸಕೋಶ, ಕಡುಗೆಂಪಾದರೆ ಯಕೃತ್ತು, ಹಸಿರು ಕಲ್ಮಶ ಬೆರೆತಿದ್ದರೆ ಹೊಟ್ಟೆ. ಹೊಟ್ಟೆಗೆ ಪೆಟ್ಟು ತಿಂದ ಪ್ರಾಣಿಯನ್ನು ತಕ್ಷಣ ಬೆನ್ನಟ್ಟಿದರೆ ಅದು ನೋವಿನಲ್ಲೇ ಮೈಲುಗಟ್ಟಲೆ ಓಡುತ್ತದೆ. ಕೆಲವು ಗಂಟೆ ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಆಮೇಲೆ ನಾಯಿಯ ಕೆಲಸ. ರಕ್ತದ ಜಾಡು ಹಿಡಿಯುವುದರಲ್ಲಿ ಹೆಸರಾದ ಬ್ಲಡ್‌ಹೌಂಡ್ ತಳಿ, ಹ್ಯೂಬರ್ಟರ ಹೆಸರಿನ ಮಠದಲ್ಲಿ ಸನ್ಯಾಸಿಗಳು ಸಾಕುತ್ತಿದ್ದ ನಾಯಿಗಳ ಸಂತತಿಯೆಂದು ಪರಂಪರೆ. ಜಿಂಕೆ ಸಿಕ್ಕಿದಾಗ ಅದರ ಬಾಯಿಗೆ ಹಸಿರು ರೆಂಬೆಯೊಂದನ್ನು ಕೊನೆಯ ತುತ್ತೆಂದು ಇಡುತ್ತಾರೆ. ನಮ್ಮ ಹಿರಿಯರು ಮರಣಶಯ್ಯೆಯಲ್ಲಿರುವವರ ಬಾಯಿಗೆ ನೀರು ಬಿಡುವುದು ನೆನಪಾಗುತ್ತದೆ.

ಸಂತರ ಜೀವನಕ್ಕೆ ಮರಳೋಣ. ಸುಮಾರು 705ರಲ್ಲಿ ಲ್ಯಾಂಬರ್ಟರು ಲಿಯೆಜ್ ಎಂಬ ಪುಟ್ಟ ಊರಿನಲ್ಲಿ ಹತರಾದರು. ಅವರ ಪೀಠವನ್ನೇರಿದ ಹ್ಯೂಬರ್ಟರು ಕೆಲವು ವರ್ಷಗಳ ಬಳಿಕ ಗುರುವಿನ ಪಾರ್ಥಿವ ಶರೀರವನ್ನು ಮಾಸ್ಟ್ರಿಕ್ಟಿನಿಂದ ಲಿಯೆಜ್‌ಗೆ ತಂದರು, ಅಲ್ಲಿ ದೇವಾಲಯ ಕಟ್ಟಿಸಿದರು. ಧರ್ಮಪೀಠವೂ ಅಲ್ಲಿಗೆ ಬಂದು ಊರು ನಗರವಾಗಿ ಬೆಳೆಯಿತು. ಹಿಂದೆ ಬೇಟೆಗೆ ತಿರುಗಿದ್ದರೆನ್ನಲಾದ ಆರ್ಡೆನ್ ಕಾಡಿಗೇ ಶುಭಸಂದೇಶವನ್ನು ಹೊತ್ತು ಹೋಗಿ, ವಿಗ್ರಹಾರಾಧಕರಾಗಿದ್ದ ವನವಾಸಿಗಳಿಗೆ ದೀಕ್ಷಾಸ್ನಾನವಿತ್ತರು.

ಸಾರಂಗದ ವಿಷಯದಲ್ಲಿ ಮೌನವಾಗಿರುವ ಹಳೆಯ ಚರಿತ್ರೆ ಮತ್ತೊಂದು ಘಟನೆಯನ್ನು ದಾಖಲಿಸಿದೆ. ಮ್ಯೂಸ್ ನದಿಯಲ್ಲಿ ಮೀನು ಹಿಡಿಯಲು ಗೂಟಗಳನ್ನು ನೆಡುವ ಕೆಲಸ ನಡೆದಿತ್ತು. ಧರ್ಮಾಧ್ಯಕ್ಷರು ತಾವೇ ದೋಣಿಯಲ್ಲಿ ನಿಂತು ಗೂಟವನ್ನು ಹಿಡಿದಿದ್ದರು. ಸೇವಕನ ಸುತ್ತಿಗೆ ಗುರಿತಪ್ಪಿ ಅವರ ಕೈಯ ಮೇಲೆ ಬಿದ್ದು ಬೆರಳುಗಳು ನುಚ್ಚುನೂರಾದವು. ಆ ಗಾಯ ಅವರನ್ನು ಬಹುಕಾಲ ಬಾಧಿಸಿತು. ನೋವಿನಿಂದ ರಾತ್ರಿಗಳು ನಿದ್ರೆಯಿಲ್ಲದೆ ಕಳೆದವು. ಬ್ರಬಾಂಟಿನಲ್ಲಿ ಹೊಸ ದೇವಾಲಯವೊಂದನ್ನು ಪ್ರತಿಷ್ಠಾಪಿಸಲು ಹೋದವರು ಜ್ವರಕ್ಕೆ ತುತ್ತಾಗಿ, 727ರ ಮೇ 30ರಂದು ಪ್ರಭುವಿನಲ್ಲಿ ಐಕ್ಯರಾದರು. ತಾಯಿಯನ್ನು ಕಾಣದೆ ಬೆಳೆದ ಮಗ ಫ್ಲೋರಿಬರ್ಟರೇ ಮುಂದೆ ಅವರ ಪೀಠವನ್ನೇರಿದರು.

743ರ ನವೆಂಬರ್ 3ರಂದು ಸಮಾಧಿಯನ್ನು ತೆರೆದು ಅವರ ಶರೀರವನ್ನು ಪೀಠದ ಬಳಿಗೆ ಎತ್ತಿ ಇರಿಸಲಾಯಿತು. ಹಬ್ಬದ ದಿನ ನಿಂತದ್ದು ಹೀಗೆ. 825ರಲ್ಲಿ ಅದನ್ನು ಆರ್ಡೆನ್‌ನ ಅಂಡಾಜ್ ಮಠಕ್ಕೆ ಒಯ್ದರು, ಆ ಊರಿಗೇ ಸಂತ ಹ್ಯೂಬರ್ಟ್ ಎಂಬ ಹೆಸರಾಯಿತು. 16ನೆಯ ಶತಮಾನದ ಧಾರ್ಮಿಕ ಕಲಹಗಳಲ್ಲಿ ಪೂಜ್ಯಾವಶೇಷಗಳು ಕಣ್ಮರೆಯಾದವು. ಮಠದ ದೊಡ್ಡ ದೇವಾಲಯ ಇಂದಿಗೂ ಇದೆ, ಸುತ್ತಲಿನ ಕಾಡಿನಲ್ಲಿ ಸಾರಂಗಗಳೂ ಇವೆ.