ಅರ್ನೆ ಯಾಕೊಬ್ಸೆನ್

ಡೆನ್ಮಾರ್ಕಿನ ಹೆಸರಾಂತ ವಾಸ್ತುಶಿಲ್ಪಿ ಅರ್ನೆ ಯಾಕೊಬ್ಸೆನ್ 1902ರಲ್ಲಿ ಕೋಪನ್‌ಹೇಗನ್ನಿನಲ್ಲಿ ಜನಿಸಿದರು. ಗಾರೆ ಕೆಲಸ ಕಲಿತ ಬಳಿಕ ಕಲಾ ಅಕಾಡೆಮಿ ಸೇರಿದವರು. 1930ರ ದಶಕದಲ್ಲಿ ಕಡಲತೀರದ ಬಿಳಿ ಮನೆಗಳಿಂದ ಅವರಿಗೆ ಕೀರ್ತಿ ಬಂತು.

1943ರಲ್ಲಿ ನಾಜಿಗಳು ಡೆನ್ಮಾರ್ಕಿನ ಯಹೂದಿಗಳನ್ನು ಹಿಡಿಯಲು ಹೊರಟಾಗ, ಯಹೂದಿಯಾದ ಅವರು ಸಣ್ಣ ದೋಣಿಯಲ್ಲಿ ಸಮುದ್ರ ದಾಟಿ ಸ್ವೀಡನ್ನಿಗೆ ಹೋಗಬೇಕಾಯಿತು. ನಾವೆಲ್ಲ ವೀಸಾ ಹಿಡಿದು, ವಿಮಾನವೇರಿ ಪರದೇಶಕ್ಕೆ ಬಂದವರು. ಅವರದು ಪ್ರಾಣ ಉಳಿಸಿಕೊಳ್ಳುವ ಪಯಣ. ಅಲ್ಲಿ ಕಟ್ಟಡದ ಕೆಲಸ ಹೆಚ್ಚೇನೂ ಸಿಗದಿದ್ದರೂ ಸುಮ್ಮನೆ ಕೂರಲಿಲ್ಲ. ಗಿಡ, ಹೂಗಳ ವಿನ್ಯಾಸಗಳನ್ನು ಬರೆದರು. ಪತ್ನಿ ಯೊನ್ನಾ ಅವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿದರು. ಯುದ್ಧ ಮುಗಿದ ಮೇಲೆ ತಾಯ್ನಾಡಿಗೆ ಮರಳಿದರು.

ಅವರ ಪ್ರಸಿದ್ಧ 'ಇರುವೆ' ಕುರ್ಚಿ 1952ರಲ್ಲಿ ತಯಾರಾದದ್ದು ನೋವೋ ಕಂಪನಿಯ ಕ್ಯಾಂಟೀನಿಗಾಗಿ. ಇನ್ಸುಲಿನ್ ತಯಾರಕರಾದ ನೋವೋ ಹೆಸರು ನಮ್ಮಂಥ ವೈದ್ಯರಿಗೆ ಚಿರಪರಿಚಿತ! ಆ ಕುರ್ಚಿಗೆ ಮೂರೇ ಕಾಲು. ನಾಲ್ಕು ಕಾಲಿನದು ಬಂದದ್ದು ಅವರು ತೀರಿಕೊಂಡ ಮೇಲೆ. 1960ರಲ್ಲಿ ಮುಗಿದ ಕೋಪನ್‌ಹೇಗನ್ನಿನ ಎಸ್.ಎ.ಎಸ್. ಹೋಟೆಲಿಗೆ ಕಟ್ಟಡವಷ್ಟೇ ಅಲ್ಲ, ಕುರ್ಚಿ, ದೀಪ, ಚಮಚಗಳನ್ನೂ ಅವರೇ ವಿನ್ಯಾಸಗೊಳಿಸಿದರು. ಆಕ್ಸ್‌ಫರ್ಡಿನ ಸೇಂಟ್ ಕ್ಯಾಥರೀನ್ಸ್ ಕಾಲೇಜೂ ಅವರದೇ. ಹಳೆಯ ಗೋಪುರಗಳನ್ನು ನೋಡಲು ಹೋಗುವ ನಮ್ಮವರು ಅತ್ತ ಸುಳಿಯುವುದು ಅಪರೂಪ.

1971ರಲ್ಲಿ ಅವರು ನಿಧನರಾದಾಗ ಡೆನ್ಮಾರ್ಕಿನ ರಾಷ್ಟ್ರೀಯ ಬ್ಯಾಂಕಿನ ಕಟ್ಟಡ ಅರ್ಧಕ್ಕೆ ನಿಂತಿತ್ತು. ಅದನ್ನು 1978ರಲ್ಲಿ ಪೂರ್ತಿಗೊಳಿಸಿದವರು ಅವರ ಕಚೇರಿಯ ಸಹೋದ್ಯೋಗಿಗಳು.