ಹೋಮಿ ಭಾಭಾ

ಕಣ್ಣಿಗೆ ಕಾಣದ, ಮೈಗೆ ತಾಗಿದರೂ ಅರಿವಾಗದ ವಿಕಿರಣವನ್ನು ನಮ್ಮ ನಾಡಿನಲ್ಲಿ ಅಳೆಯಹೊರಟವರಲ್ಲಿ ಹೋಮಿ ಭಾಭಾ ಪ್ರಮುಖರು. 1909ರಲ್ಲಿ ಮುಂಬಯಿಯಲ್ಲಿ ಜನಿಸಿ ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿದ ಇವರು ಸ್ವದೇಶಕ್ಕೆ ಬಂದಿದ್ದಾಗ 1939ರ ಮಹಾಯುದ್ಧ ತೊಡಗಲು, ಹಿಂದಿರುಗಲಾರದೆ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರವನ್ನು ಸೇರಿದರು. ಅಲ್ಲಿ ಗೈಗರ್ ಕೌಂಟರುಗಳನ್ನು ವಿಮಾನದಲ್ಲಿ ಮೇಲಕ್ಕೊಯ್ಯಿಸಿ ವಿಶ್ವಕಿರಣಗಳನ್ನು ಅಳೆದರು. ಕೊಳವೆಯೊಳಗಿನ ಅನಿಲವನ್ನು ಕಿರಣ ಹೊಕ್ಕೊಡನೆ ವಿದ್ಯುತ್ತಿನ ಮಿಡಿತವೇಳುವುದು. ಆ ಮಿಡಿತಗಳ ಎಣಿಕೆಯೇ ಅಳತೆ.

ಅಲ್ಪ ವಿಕಿರಣ ಎಲ್ಲೆಡೆಯೂ ಉಂಟು. ಅಳೆಯದೆ ಅದರ ಹೆಚ್ಚಳ ತಿಳಿಯದು. ಟ್ರಾಂಬೆಯ ಪರಮಾಣು ಸಂಸ್ಥೆಯನ್ನು ಕಟ್ಟಿದ ಮೇಲೆ, ವಿಕಿರಣ ವಸ್ತುಗಳಿಂದ ಕೆಲಸಗಾರರಿಗಾಗಲಿ ಇತರರಿಗಾಗಲಿ ಹಾನಿಯಾಗಕೂಡದೆಂದು ಭಾಭಾ ಅವರು 1960ರಲ್ಲಿ ಲಿಖಿತ ಆದೇಶವಿತ್ತರು. ಅವರ ಗಣಿತಕ್ಕಿಂತ ಇದೇ ನಮಗೆ ಹಿರಿದಾಗಿ ತೋರುತ್ತದೆ.

1966ರಲ್ಲಿ ಆಲ್ಪ್ಸ್ ಪರ್ವತದ ವಿಮಾನಾಪಘಾತದಲ್ಲಿ ನಿಧನರಾದರು. ಮರುವರ್ಷ ಅವರ ಸಹೋದ್ಯೋಗಿ ಎ. ಎಸ್. ರಾವ್ ಅವರ ನೇತೃತ್ವದಲ್ಲಿ ನಮ್ಮ ಹೈದರಾಬಾದಿನಲ್ಲಿ ಸ್ಥಾಪನೆಗೊಂಡ ಇ.ಸಿ.ಐ.ಎಲ್. ಕಾರ್ಖಾನೆಯಲ್ಲಿ ಇಂದಿಗೂ ವಿಕಿರಣಮಾಪಕಗಳು ತಯಾರಾಗುತ್ತಿವೆ.