ಕೋವಿ ಹಿಡಿದ ಕೈ ಗೋಡೆಯನ್ನೂ ಕಟ್ಟಿಸಿತು: ಜಿಮ್ ಕಾರ್ಬೆಟ್ ಬದುಕಿನ ಇನ್ನೊಂದು ಮುಖ

ಜಿಮ್ ಕಾರ್ಬೆಟ್ ಎಂದರೆ ನರಭಕ್ಷಕಗಳ ಬೇಟೆಗಾರ. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ರುದ್ರಪ್ರಯಾಗದ ಚಿರತೆಯ ಕಥೆ ಓದಿದವರಿಗೆ ಈ ಹೆಸರು ಚಿರಪರಿಚಿತ. ಆದರೆ ರೈತನ ಬೆಳೆಯೂ ಉಳಿಯಬೇಕು, ಕಾಡುಪ್ರಾಣಿಯೂ ಉಳಿಯಬೇಕು ಎಂದು ದುಡಿದ ಕಾರ್ಬೆಟ್ ಹೆಚ್ಚಿನವರಿಗೆ ಗೊತ್ತಿಲ್ಲ.

1875ರ ಜುಲೈ 25ರಂದು ನೈನಿತಾಲ್‌ನಲ್ಲಿ ಹುಟ್ಟಿದ ಕಾರ್ಬೆಟ್, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಚಳಿಗಾಲವೆಲ್ಲ ಕಾಲಾಢುಂಗಿಯ ಕಾಡಂಚಿನಲ್ಲೇ ಕಳೆಯುತ್ತಿತ್ತು. ಹೆಜ್ಜೆ ಗುರುತು, ಹಕ್ಕಿಗಳ ಎಚ್ಚರಿಕೆಯ ಕೂಗು ಅವರಿಗೆ ಅಲ್ಲೇ ಕರಗತವಾದವು. ಮುಂದೆ ಬಿಹಾರದ ಮೊಕಾಮೆ ಘಾಟ್‌ನಲ್ಲಿ ರೈಲ್ವೆ ಸರಕು ಸಾಗಣೆಯ ಗುತ್ತಿಗೆ ನಡೆಸಿದರು.

1907ರಲ್ಲಿ ಅವರು ಚಂಪಾವತ್‌ನ ಹೆಣ್ಣುಹುಲಿಯನ್ನು ಕೊಂದರು. ನೇಪಾಳ ಮತ್ತು ಕುಮಾವ್‌ನಲ್ಲಿ ಅದಕ್ಕೆ ಬಲಿಯಾದವರು 436 ಮಂದಿ ಎಂದು ಲೆಕ್ಕ. ಬೇಟೆಗೆ ಹೊರಡುವ ಮುನ್ನ ಕಾರ್ಬೆಟ್ ಸರ್ಕಾರದ ಮುಂದೆ ಎರಡು ಷರತ್ತು ಇಟ್ಟಿದ್ದರು: ಘೋಷಿಸಿದ ಬಹುಮಾನ ರದ್ದಾಗಬೇಕು, ಉಳಿದ ಬೇಟೆಗಾರರು ಕಾಡಿನಿಂದ ಹೊರಬರಬೇಕು. ಸತ್ತ ಹುಲಿಯ ಬಾಯಿ ನೋಡಿದಾಗ ಕಾರಣ ತಿಳಿಯಿತು. ಹಿಂದೆಂದೋ ತಗುಲಿದ ಗುಂಡಿನಿಂದ ಅದರ ಬಲಬದಿಯ ಕೋರೆಹಲ್ಲುಗಳು ಮುರಿದಿದ್ದವು. ಮುಕ್ತೇಶ್ವರದ ಹುಲಿಯ ಮೈಯಲ್ಲಿ ಮುಳ್ಳುಹಂದಿಯ ಮುಳ್ಳುಗಳು ನಾಟಿದ್ದವು, ಒಂದು ಕಣ್ಣೂ ಹೋಗಿತ್ತು. ಗಾಯಗೊಂಡು ಸಹಜ ಬೇಟೆಯಾಡಲಾಗದ ಹುಲಿಯೇ ಮನುಷ್ಯನ ಮೇಲೆ ಎರಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಗುರಿ ತಪ್ಪಿದ ಗುಂಡೇ ಎಷ್ಟೋ ಸಲ ನರಭಕ್ಷಕನನ್ನು ಸೃಷ್ಟಿಸುತ್ತಿತ್ತು.

ಹಾಗೆಂದು ಅವರು ಆರಂಭದಿಂದಲೂ ಕೋವಿ ಕೆಳಗಿಟ್ಟವರಲ್ಲ. 1930ರಲ್ಲಿ ಅವರು ಹೊಡೆದ ಪೊವಾಲ್‌ಗಢದ ಭಾರಿ ಗಂಡುಹುಲಿ ನರಭಕ್ಷಕನಾಗಿರಲಿಲ್ಲ. ಆದರೆ ಬರಬರುತ್ತ ಕೋವಿಗಿಂತ ಕ್ಯಾಮೆರಾ ಹೆಚ್ಚು ಪ್ರಿಯವಾಯಿತು. ನರಭಕ್ಷಕನ ಕಾಟವೆಂದು ಕರೆ ಬಂದಾಗ ಹೋಗುತ್ತಿದ್ದರು. 1938ರಲ್ಲಿ, 63ನೇ ವಯಸ್ಸಿನಲ್ಲಿ, ಥಾಕ್‌ನ ಹುಲಿಯೊಂದಿಗೆ ನರಭಕ್ಷಕಗಳ ಬೇಟೆ ಮುಗಿಯಿತು.

ಬೆಳೆ ಕಾಯಲು ಅವರು ನಂಬಿದ್ದು ಕೋವಿಯನ್ನಷ್ಟೇ ಅಲ್ಲ. 1915ರಲ್ಲಿ ಕಾಲಾಢುಂಗಿ ಬಳಿ ಪಾಳುಬಿದ್ದ ಜಮೀನು ಕೊಂಡು, ಒಕ್ಕಲು ಕುಟುಂಬಗಳನ್ನು ತಂದು ಛೋಟಿ ಹಲ್ದ್ವಾನಿ ಹಳ್ಳಿ ಕಟ್ಟಿದರು. ಕಾಡುಹಂದಿ ಮತ್ತಿತರ ಪ್ರಾಣಿಗಳು ಹೊಲಕ್ಕೆ ನುಗ್ಗದಂತೆ ಊರಿನ ಸುತ್ತ ಸುಮಾರು 7 ಕಿ.ಮೀ. ಉದ್ದದ ಕಲ್ಲಿನ ಗೋಡೆ ಎಬ್ಬಿಸಿದರು. ಗೋಡೆಯ ಒಳಗೆ ಪೈರು, ಹೊರಗೆ ಕಾಡು.

ಅತ್ತ ಪ್ರಾಣಿಗಳಿಗೂ ಜಾಗ ಬೇಕಿತ್ತು. 1936ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನವಾಗಿ ಹೈಲಿ ನ್ಯಾಷನಲ್ ಪಾರ್ಕ್ ಘೋಷಣೆಯಾಗುವಲ್ಲಿ ಕಾರ್ಬೆಟ್ ಪಾತ್ರ ದೊಡ್ಡದು.

1947ರಲ್ಲಿ ಅಕ್ಕ ಮ್ಯಾಗಿ ಜೊತೆ ಕೀನ್ಯಾಕ್ಕೆ ಹೊರಟಾಗ ಛೋಟಿ ಹಲ್ದ್ವಾನಿಯ ಜಮೀನನ್ನು ಒಕ್ಕಲು ಕುಟುಂಬಗಳಿಗೇ ಬಿಟ್ಟುಕೊಟ್ಟರು. 1955ರ ಏಪ್ರಿಲ್ 19ರಂದು ನ್ಯೇರಿಯಲ್ಲಿ ತೀರಿಕೊಂಡರು. ಬಳಿಕ ಆ ಉದ್ಯಾನಕ್ಕೆ ಅವರ ಹೆಸರಿಡಲಾಯಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದದ್ದೂ ಅಲ್ಲಿಂದಲೇ. ಛೋಟಿ ಹಲ್ದ್ವಾನಿಯಲ್ಲಿ ಇಂದಿಗೂ ಬೇಸಾಯ ನಡೆದಿದೆ, ಅವರು ಕಟ್ಟಿಸಿದ ಗೋಡೆಯ ಭಾಗಗಳೂ ಉಳಿದಿವೆ.